ಹಗ್ಗ ಉಳಿಸಿಕೊಂಡು ಕಾರು ಕೊಟ್ಟ ದಿನ

ಬೆಳಗಿನ ಹಾಲನ್ನು ಡೈರಿಗೆ ಹಾಕಿ, ಹಸುಗಳಿಗೆ ಮೇವು ಹಾಕಿ, ನಾನೂ ದೊಡ್ಡಮ್ಮನೂ ಕಾರು ಹತ್ತಿದೆವು. ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಯಿಂದ ಕೆಜಿಎಫ್‌ನ ಕೋರಮಂಡಲ್‌ಗೆ ಹದಿನೈದು ಕಿಲೋಮೀಟರಿನ ಆಸುಪಾಸು. ಬಸ್ಸಿನಲ್ಲಾದರೆ ಅರ್ಧ ಮುಕ್ಕಾಲು ಗಂಟೆ. ನಮ್ಮ ಕಾರಿನಲ್ಲಿ ಎಷ್ಟು ಹೊತ್ತು ಎಂದು ಹೇಳುವ ಧೈರ್ಯ ನನಗೆ ಯಾವತ್ತೂ ಇರಲಿಲ್ಲ.

ಕಾರು ತೀರಿಹೋದ ದೊಡ್ಡಪ್ಪನದು. ಮಳೆ ಬಂದರೆ ನಿಲ್ಲುತ್ತಿತ್ತು, ಬಿಸಿಲೇರಿದರೆ ನಿಲ್ಲುತ್ತಿತ್ತು, ಮದುವೆಗೆ ಹೊರಟರಂತೂ ಖಂಡಿತ ನಿಲ್ಲುತ್ತಿತ್ತು. ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿದರೆ ಹಾರನ್ ತಾನಾಗಿಯೇ ಕೂಗುತ್ತಿತ್ತು. ನಮ್ಮ ಬೀದಿಗೆ ಬಲಕ್ಕೇ ತಿರುಗಬೇಕು. ಆ ಸದ್ದು ಕೇಳಿದ ಕೂಡಲೇ ದೊಡ್ಡಮ್ಮ ಒಲೆಯ ಮೇಲೆ ಕಾಫಿಗೆ ನೀರಿಡುತ್ತಿದ್ದಳು. ಹಾಗಾಗಿ ದೊಡ್ಡಪ್ಪ ಅದನ್ನು ರಿಪೇರಿ ಮಾಡಿಸಲೇ ಇಲ್ಲ.

ಬಂಗಾರಪೇಟೆಯ ಗುಜರಿಯವನು ಒಳ್ಳೆಯ ಬೆಲೆಯನ್ನೇ ಹೇಳಿದ್ದ. "ನಡೆಯೋ ಹಸೂನ ಕಡಿಯೋಕೆ ಕೊಡ್ತಾರೇನ್ಲಾ ಸೀನ" ಎಂದು ನನಗೆ ಹೇಳಿ ದೊಡ್ಡಮ್ಮ ಅವನನ್ನು ಅಂಗಳದಿಂದಲೇ ಸಾಗಹಾಕಿದಳು. ಕೋರಮಂಡಲ್‌ನಲ್ಲಿ ನಡೆಯಲಾಗದ ಮಕ್ಕಳಿಗಾಗಿ ದಾನಧರ್ಮದ ಮೇಲೆ ನಡೆಯುವ ಪುಟ್ಟ ಶಾಲೆಯೊಂದಿದೆ, ಮಕ್ಕಳನ್ನು ಕರೆತರಲು ಅವರಿಗೆ ಗಾಡಿ ಬೇಕಾಗಿದೆ ಎಂದು ಗೊತ್ತಾದಾಗ ಮಾತ್ರ ಒಪ್ಪಿದಳು. ಅದಕ್ಕೂ ಒಂದು ಷರತ್ತು. ಕಾರು ತನ್ನ ಕಾಲ ಮೇಲೆ ಅಲ್ಲಿಗೆ ಹೋಗಿ ನಿಲ್ಲಬೇಕು. ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಕೊಂಡು ಹೋದರೆ ಅವರೂ ಅದನ್ನು ಗುಜರಿಗೇ ಕಳಿಸಿಬಿಟ್ಟಾರು ಎಂಬುದು ಅವಳ ಹೆದರಿಕೆ.

ನೆಟ್ಟಗೆ ಹೋಗೋಣವೆಂದರೆ ಅವಳು ಕೇಳಲಿಲ್ಲ. ಬೇತಮಂಗಲದ ಮೇಲೆ ಸುತ್ತಿಕೊಂಡು ಹೋಗಬೇಕಂತೆ. ದೊಡ್ಡಪ್ಪ ಕಾರು ತೊಳೆಯುತ್ತಿದ್ದದ್ದು ಅಲ್ಲಿಯ ಕೆರೆಯ ಹತ್ತಿರ. ಹಾಗೆ ತೊಳೆಯುವಾಗಲೇ ಒಂದು ಬೀಗದ ಕೈ ನೀರಿಗೆ ಬಿದ್ದು, ಅಂದಿನಿಂದ ನಮ್ಮ ಬಳಿ ಉಳಿದದ್ದು ಒಂದೇ ಒಂದು. ಕೆರೆ ಏರಿಯ ಮೇಲೆ ದೊಡ್ಡಮ್ಮ ಗಾಜು ಇಳಿಸಿ, "ನೋಡ್ಕ" ಎಂದಳು. ನನಗಲ್ಲ, ಕಾರಿಗೆ. ಕಾರು ನೋಡಲೆಂದೇ ಎಂಬಂತೆ ನಿಂತುಬಿಟ್ಟಿತು.

ಬಿಸಿಲು ಏರಿತ್ತು. ಬಾನೆಟ್ಟಿನಿಂದ ಹಬೆ ಬರುತ್ತಿತ್ತು. ಪಕ್ಕದ ಟೀ ಅಂಗಡಿಯವನು ಎರಡು ಟೀ ಕೊಟ್ಟು, "ಏಮಮ್ಮಾ, ಎಲ್ಲಿಗೆ ಒಂಟ್ರಿ" ಎಂದು ವಿಚಾರಿಸಿದ. ಕಾರು ದಾನ ಕೊಡಲು ಎಂದೆ. ಅವನು ಕಾರಿನ ಸುತ್ತ ಒಂದು ಸುತ್ತು ಬಂದ.

"ಪಾಪ, ಆ ಜನದ ಮೇಲೆ ನಿಮ್ಗೇನ್ ಸಿಟ್ಟು?"

ದೊಡ್ಡಮ್ಮ ನಗಲಿಲ್ಲ. ಟ್ರ್ಯಾಕ್ಟರು ಕರೆಸಲೇ ಎಂದು ಅವನು ಕೇಳಿದಾಗ ಅವಳ ಮುಖ ಸಣ್ಣದಾಯಿತು. ಅವನ ಬಳಿಯೇ ಒಂದು ಬಿಂದಿಗೆ ನೀರು ಕೇಳಿದಳು. ಇಂಜಿನ್ ತಣ್ಣಗಾದ ಮೇಲೆ ನಾನು ನೀರು ಹಾಕಿದೆ. ಅವಳು ಬಾನೆಟ್ಟಿನ ಮೇಲೆ ಕೈಯಾಡಿಸುತ್ತಾ, "ಇದೊಂದ್ಸಾರಿ ಮಾನ ಉಳ್ಸವ್ವ" ಎಂದಳು. ಮೂರನೇ ಸಲಕ್ಕೆ ಇಂಜಿನ್ ಸ್ಟಾರ್ಟ್ ಆಯಿತು. ಅಂಗಡಿಯವನು ಟೀ ದುಡ್ಡು ತೆಗೆದುಕೊಳ್ಳಲಿಲ್ಲ. ದಾನಕ್ಕೆ ತನ್ನದೂ ಇರಲಿ ಎಂದ.

ಅಲ್ಲಿಂದ ಮುಂದೆ ನಾನು ಎಲ್ಲೂ ನಿಲ್ಲಿಸಲಿಲ್ಲ. ರಾಬರ್ಟ್‌ಸನ್‌ಪೇಟೆಯ ಜನಜಂಗುಳಿಯಲ್ಲಿ ಉಸಿರು ಬಿಗಿಹಿಡಿದು ಓಡಿಸಿದೆ. ಉರಿಗಾಂನಲ್ಲಿ ಗಣಿ ಕೆಲಸಗಾರರ ಲೈನು ಮನೆಗಳು, ಅವುಗಳ ಹಿಂದೆ ಗಣಿಯಿಂದ ತೆಗೆದು ಸುರಿದ ಮಣ್ಣಿನ ಬೂದುಬಣ್ಣದ ಗುಡ್ಡ, ಎಲ್ಲವನ್ನೂ ದಾಟಿದೆವು. ಕೋರಮಂಡಲ್‌ನಲ್ಲಿ ಶಾಲೆಯ ಗೇಟಿಗೆ ಬಲಕ್ಕೆ ತಿರುಗಿಸಿದ್ದೇ ಹಾರನ್ ಕೂಗಿಕೊಂಡಿತು. ಜಗಲಿಯ ಮೇಲೆ ಕೂತಿದ್ದ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು.

ಶಾಲೆ ನಡೆಸುವ ಸೆಲ್ವಿ ಮೇಡಂ ಉರಿಗಾಂನಲ್ಲೇ ಹುಟ್ಟಿದವರು. ಕನ್ನಡ, ತಮಿಳು, ತೆಲುಗು ಮೂರನ್ನೂ ಒಂದೇ ಉಸಿರಿಗೆ ಆಡುತ್ತಾರೆ. ನಮಗೆ ಅನ್ನ, ಸಾಂಬಾರು, ಹುರಿದ ಬದನೆಕಾಯಿ ಬಡಿಸಿದರು. ಊಟವಾದ ಮೇಲೆ ದೊಡ್ಡಮ್ಮ ಕಾರಿಗೆ ಅರಿಶಿನ ಕುಂಕುಮ ಇಟ್ಟಳು. ಮೇಡಂ ಬೀಗದ ಕೈಗೆ ಕೈಚಾಚಿದರು. ದೊಡ್ಡಮ್ಮ ಅದನ್ನು ಎಲೆಅಡಿಕೆ ಚೀಲಕ್ಕೆ ಹಾಕಿ ದಾರ ಬಿಗಿದಳು.

ನನಗೆ ಮುಖ ಎಲ್ಲಿಡಲಿ ಅನ್ನಿಸಿತು. "ದೊಡ್ಡಮ್ಮ, ಬೀಗದ ಕೈ ಇಲ್ದೆ ಓಡ್ಸೋದೆಂಗೆ, ಕೊಡು" ಎಂದೆ.

"ನಮ್ಮನೇಲಿ ಯಾವತ್ತಾದ್ರೂ ಹಸು ಜೊತೆ ಹಗ್ಗ ಕೊಟ್ಟಿದ್ದು ನೋಡಿದ್ದೀಯೇನ್ಲಾ?" ಎಂದಳು. "ಕೊಂಡೋರು ಹಗ್ಗ ತತ್ತಾರೆ, ನಮ್ಮ ಹಗ್ಗ ಕೊಟ್ಟಿಗೇಲಿರ್ತದೆ. ಇದೂ ಅಂಗೇಯಾ."

ನಿಜ. ಹಗ್ಗವೂ ಹೋದರೆ ಕೊಟ್ಟಿಗೆಯ ಭಾಗ್ಯವೂ ಅದರ ಹಿಂದೆಯೇ ಹೋಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ಆದರೆ ಅದನ್ನು ಈ ಪಟ್ಟಣದ ಹೆಂಗಸಿಗೆ ಹೇಗೆ ಹೇಳುವುದು ಎಂದು ನಾನು ತಡವರಿಸುತ್ತಿದ್ದೆ. ಮೇಡಂ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡರು.

"ನಮ್ಮಮ್ಮ ಲೈನು ಮನೇಲೇ ಎರಡು ಹಸು ಕಟ್ಟಿದ್ರು ಸಾರ್. ಅವರೂ ಕಯಿರು ಕೊಡ್ತಾ ಇರ್ಲಿಲ್ಲ. ಪಾಟಿಯಮ್ಮ ಸರಿಯಾಗೇ ಹೇಳ್ತಾರೆ" ಎಂದರು. ಹಗ್ಗಕ್ಕೆ ಕಯಿರು, ಅಜ್ಜಿಗೆ ಪಾಟಿ ಎಂಬ ತಮಿಳು ಮಾತುಗಳು ಬಂದರೂ ದೊಡ್ಡಮ್ಮನಿಗೆ ಅರ್ಥ ಹೇಳಲು ಯಾರೂ ಬೇಕಾಗಲಿಲ್ಲ.

ರಾಬರ್ಟ್‌ಸನ್‌ಪೇಟೆಯಿಂದ ಬೀಗದ ಕೈ ಮಾಡುವವನನ್ನು ಕರೆಸಿದರು. ಅವನು ಹಳೆಯದನ್ನು ನೋಡಿ ಹೊಸದನ್ನು ಅರದಿಂದ ಉಜ್ಜುತ್ತಿದ್ದಷ್ಟು ಹೊತ್ತೂ ದೊಡ್ಡಮ್ಮ ಹಳೆಯದರ ಮೇಲಿನ ಕಣ್ಣು ತೆಗೆಯಲಿಲ್ಲ. ಈ ಕಾರು ಓಡಿಸಲೆಂದೇ ಶಾಲೆಯವರು ಗೊತ್ತುಮಾಡಿದ್ದ ಡ್ರೈವರ್ ಮುರುಗನ್ ರಿಪೇರಿಯೂ ಬಲ್ಲವನು. ಹೊಸ ಬೀಗದ ಕೈ ತಿರುಗಿಸಿದ. ಕಾರು ಕೆಮ್ಮಿ ಸುಮ್ಮನಾಯಿತು. ಮತ್ತೆ ತಿರುಗಿಸಿದ. ಮತ್ತೆ ಸುಮ್ಮನಾಯಿತು. ನನಗೆ ಗುಜರಿಯವನ ಮುಖ ನೆನಪಾಯಿತು.

ದೊಡ್ಡಮ್ಮ ಹೋಗಿ ಅವನ ಪಕ್ಕದ ಸೀಟಿನಲ್ಲಿ ಕೂತಳು. "ಒಸ ಕೈ ಕಣಪ್ಪಾ, ಆಲು ಇಳಿಸ್ದಿರೋ ಹಸೂನಂಗೆ ಮುನಿಸ್ಕೊಂತದೆ. ಚೋಕ್ ಎಳ್ದು ಸ್ವಲ್ಪ ಸುಮ್ಕಿರು. ಅವಸರ ಅಂದ್ರೆ ಇದಕ್ಕಾಗಲ್ಲ."

ಮುರುಗನ್ ಚೋಕ್ ಎಳೆದು ಕಾದ. ಆಮೇಲೆ ತಿರುಗಿಸಿದ. ಕಾರು ಸ್ಟಾರ್ಟ್ ಆಯಿತು. ಎಲ್ಲವನ್ನೂ ಬಿಚ್ಚಿ ಸರಿಮಾಡುತ್ತೇನೆ, ಮೊದಲು ಆ ಹಾರನ್ ಎಂದು ಅವನು ಹೇಳಿದಾಗ ದೊಡ್ಡಮ್ಮ ಸೆರಗು ಸರಿಮಾಡಿಕೊಂಡಳು. ಅವಳು ಕಾಫಿಗೆ ನೀರಿಡುತ್ತಿದ್ದ ಸಂಗತಿಯನ್ನು ನಾನೇ ಹೇಳಿದೆ. ಮೇಡಂ, ಹಾರನ್ ಹಾಗೇ ಇರಲಿ, ಸದ್ದು ಕೇಳಿ ಮಕ್ಕಳು ರೆಡಿಯಾಗುತ್ತಾರೆ ಎಂದರು.

ವಾಪಸು ರೈಲಿನಲ್ಲಿ. ಕೋರಮಂಡಲ್ ಸ್ಟೇಷನ್ನಿನಿಂದ ಬಂಗಾರಪೇಟೆಗೆ ತಲಾ ಹತ್ತು ರೂಪಾಯಿ. ಸಂಜೆಗಾಳಿ ತಂಪಾಗಿತ್ತು. ದೊಡ್ಡಮ್ಮ ಕಿಟಕಿ ಪಕ್ಕ ಕೂತು ಚೀಲದೊಳಗೆ ಕೈಯಿಟ್ಟು ಬೀಗದ ಕೈ ಮುಟ್ಟಿ ನೋಡಿಕೊಂಡಳು. ಕೊಟ್ಟಿಗೆಯಲ್ಲಿ ಹಳೆ ಹಗ್ಗಗಳು ತೂಗುವ ಗೂಟಕ್ಕೇ ಇದನ್ನೂ ಹಾಕಬೇಕಂತೆ.

ರೈಲು ಇನ್ನೂ ಹೊರಟಿರಲಿಲ್ಲ. ಶಾಲೆ ಬಿಟ್ಟು ಮುರುಗನ್ ಮಕ್ಕಳನ್ನು ಮನೆಗೆ ಕರೆದೊಯ್ಯುತ್ತಿರಬೇಕು. ಲೈನು ಮನೆಗಳ ಕಡೆಯಿಂದ ಆ ಹಾರನ್ ಕೇಳಿಸಿತು, ಉದ್ದಕ್ಕೆ, ಯಾರೂ ಒತ್ತದೆಯೇ. ದೊಡ್ಡಮ್ಮ ಕಿಟಕಿಯ ಸರಳು ಹಿಡಿದು ಅತ್ತ ಕಿವಿಕೊಟ್ಟಳು.

"ಯಾರ್ದೋ ಮನೆ ಬೀದಿಗೆ ತಿರುಗ್ತು ಕಣ್ಲಾ" ಎಂದಳು. ಆಮೇಲೆ ತನಗೇ ಹೇಳಿಕೊಂಡಂತೆ, "ಆ ತಾಯಿ ಈಗ ಒಲೆ ಅಚ್ತಾಳೆ."