ಶಿರೂರಿನ ರಕ್ತದ ಫ್ರಿಜ್ಜು, ನಮ್ಮ ಹಸಿರು ಪರದೆ

ಇಲ್ಲಿನ ಕೆಲವು ವಿವರಗಳು ತಪ್ಪಿರಬಹುದು. ವರ್ಷ 2023 ಎಂದು ಬರೆಯುತ್ತಿದ್ದೇನೆ. ಅದರ ಹಿಂದಿನದೂ ಇದ್ದೀತು. ಬೇಸಿಗೆ ಎಂಬುದು ಮಾತ್ರ ಖಚಿತ, ಏಕೆಂದರೆ ಪುಣೆ ಜಿಲ್ಲೆಯ ಶಿರೂರಿನ ಒಂದು ಆಸ್ಪತ್ರೆಯ ಅಂಗಳದಲ್ಲಿ ಚಪ್ಪಲಿಯ ತಳ ಕಾದದ್ದು ನೆನಪಿದೆ. ದಿನಚರಿ ಬರೆಯುವ ಅಭ್ಯಾಸ ನನಗೆ ಕಾಲೇಜಿನಿಂದಲೂ ಉಂಟು. ಆದರೆ ಆ ದಿನಗಳಲ್ಲಿ ಏನನ್ನೂ ಬರೆದಿಡಲಿಲ್ಲ. ಹಾಗಾಗಿ ನೆನಪನ್ನೇ ನಂಬಬೇಕು, ಅದು ಆಗಾಗ ನನ್ನ ಪರವಾಗಿ ವಾದಿಸುತ್ತದೆ ಎಂದು ತಿಳಿದೂ.

ಆಗ ನಾನು ಪುಣೆಯ ಹಿಂಜವಾಡಿಯಲ್ಲಿರುವ ಒಂದು ಕಂಪನಿಯಲ್ಲಿ ಟೀಮ್ ಲೀಡ್. ಸಣ್ಣ ಊರುಗಳ ಖಾಸಗಿ ಆಸ್ಪತ್ರೆಗಳ ಸರ್ವರ್‌ಗಳನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ಯಾವುದಾದರೂ ಯಂತ್ರ ಕೆಟ್ಟರೆ ಆಸ್ಪತ್ರೆಯವರಿಗಿಂತ ಮೊದಲು ನಮಗೆ ಗೊತ್ತಾಗಬೇಕು. ಮಾನಿಟರಿಂಗ್ ಎನ್ನುವುದು ಇದಕ್ಕೇ. ಭೋಸರಿಯಲ್ಲಿದ್ದ ನಮ್ಮ ಹಳೆಯ ಕಚೇರಿಯ ಒಂದು ಕೋಣೆಯಲ್ಲಿ ಇದಕ್ಕಾಗಿಯೇ ನಾವೇ ಕೂರಿಸಿದ ಸರ್ವರ್ ಇತ್ತು. ಅದು ಕೆಲವು ನಿಮಿಷಗಳಿಗೊಮ್ಮೆ ಪ್ರತಿ ಆಸ್ಪತ್ರೆಯ ಯಂತ್ರವನ್ನೂ ‘ಇದ್ದೀಯಾ?’ ಎಂದು ಕೇಳುತ್ತಿತ್ತು. ಉತ್ತರ ಬಾರದಿದ್ದರೆ ಕರ್ತವ್ಯದಲ್ಲಿದ್ದ ಎಂಜಿನಿಯರನಿಗೆ ಫೋನು ಹೋಗುತ್ತಿತ್ತು, ಅವನು ಆಸ್ಪತ್ರೆಗೆ ಫೋನು ಮಾಡುತ್ತಿದ್ದ.

ಆ ಸರ್ವರಿನ ಬಗ್ಗೆ ನನಗೆ ವ್ಯಾಮೋಹವೇನೂ ಇರಲಿಲ್ಲ. ಅದರ ಡಿಸ್ಕ್ ತುಂಬುತ್ತಿತ್ತು, ಅದನ್ನು ಬಲ್ಲವರು ಕಡಿಮೆಯಾಗುತ್ತಿದ್ದರು, ಅದೇ ಕೆಟ್ಟು ಕೂತರೆ ನಮಗೆ ಹೇಳುವವರು ಯಾರೂ ಇರಲಿಲ್ಲ. ಎಲ್ಲವನ್ನೂ ಒಂದು ಕ್ಲೌಡ್ ಸೇವೆಗೆ ಸಾಗಿಸಬೇಕೆಂದು ಪಟ್ಟು ಹಿಡಿದವಳು ನಾನೇ. ಕೆಲಸ ಮಾಡಿದವನು ಬಹುಮಟ್ಟಿಗೆ ಪ್ರಮೋದ. ಅವನು ಮೈಸೂರಿನ ನನ್ನ ಚಿಕ್ಕಮ್ಮನ ಮಗ. ನಮ್ಮ ಕಂಪನಿಗೆ ಅವನು ತನ್ನ ಯೋಗ್ಯತೆಯಿಂದಲೇ ಬಂದಿದ್ದ, ಆದರೂ ಆಫೀಸಿನಲ್ಲಿ ಅಕ್ಕ ಎನ್ನಬೇಡ ಎಂದು ನಾನು ಮೊದಲ ದಿನವೇ ತಾಕೀತು ಮಾಡಿದ್ದೆ. “ಓಕೆ ಮ್ಯಾಮ್, ಆದ್ರೆ ಊಟದ ಡಬ್ಬಿ ಮಾತ್ರ ಅಕ್ಕನ ಮನೆಯಿಂದಾನೇ ಬರ್ಬೇಕು” ಎಂದಿದ್ದ.

ಹೊಸ ವ್ಯವಸ್ಥೆಯ ಸ್ವಭಾವ ಬೇರೆ. ಅಲ್ಲಿ ಯಾರೂ ಯಂತ್ರವನ್ನು ಕೇಳುವುದಿಲ್ಲ. ಏಜೆಂಟ್ ಎಂಬ ಸಣ್ಣ ಪ್ರೋಗ್ರಾಮ್ ಆಯಾ ಯಂತ್ರದಲ್ಲೇ ಕೂತು ತನ್ನ ಸ್ಥಿತಿಯನ್ನು ತಾನೇ ಕಳುಹಿಸುತ್ತಿರುತ್ತದೆ. ಕಳುಹಿಸುವುದು ನಿಂತುಹೋದರೆ ಏನೆಂದು ಭಾವಿಸಬೇಕು ಎಂಬುದನ್ನು ಪ್ರತಿಯೊಂದು ಅಲರ್ಟಿನಲ್ಲೂ ನಾವೇ ಆರಿಸಬೇಕು: ಅಪಾಯ ಎನ್ನಬೇಕೋ, ಅಥವಾ ಕೊನೆಯ ಬಾರಿ ಇದ್ದ ಸ್ಥಿತಿಯೇ ಈಗಲೂ ಇದೆ ಎನ್ನಬೇಕೋ. ಏನನ್ನೂ ಆರಿಸದೆ ಬಿಟ್ಟರೆ ಎರಡನೆಯದೇ ಇರುತ್ತದೆ. ಹಳೆಯದರಲ್ಲಿ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಉತ್ತರ ಬಾರದಿರುವುದೇ ಅಲ್ಲಿ ಅಪಾಯವಾಗಿತ್ತು.

ಶಿರೂರಿನ ಆ ಆಸ್ಪತ್ರೆಯಲ್ಲಿ ರಕ್ತದ ಚೀಲಗಳನ್ನಿಡುವ ಫ್ರಿಜ್ ಇತ್ತು. ಅದರೊಳಗೆ ಉಷ್ಣತೆ ಎರಡರಿಂದ ಆರು ಡಿಗ್ರಿಯ ನಡುವೆ ಇರಬೇಕು. ಒಳಗಿನ ಸೆನ್ಸರ್ ಅನ್ನು ಪಕ್ಕದ ಪುಟ್ಟ ಕಂಪ್ಯೂಟರಿಗೆ ಜೋಡಿಸಿದ್ದೆವು. ಹೊಸ ವ್ಯವಸ್ಥೆಯನ್ನು ಒಪ್ಪಿಸುವ ದಿನ ಪ್ರಮೋದ ಆ ಸೆನ್ಸರನ್ನು ಅಂಗೈಯಲ್ಲಿ ಹಿಡಿದು ಬಿಸಿ ಮಾಡಿದ. ತಕ್ಷಣ ಎಲ್ಲರ ಫೋನುಗಳೂ ರಿಂಗಾದವು. ಡಾಕ್ಟರು ಕೈ ಕುಲುಕಿದರು, ಚಹಾ ಬಂತು. ವೈರು ಕಿತ್ತು ನೋಡೋಣ ಎಂದು ನಮ್ಮಲ್ಲಿ ಯಾರಿಗೂ ತೋಚಲಿಲ್ಲ.

ಕೆಲವು ವಾರಗಳ ನಂತರ ಒಂದು ಭಾನುವಾರ ಶಿರೂರಿನಲ್ಲಿ ವಿದ್ಯುತ್ತು ಏರಿಳಿದು ಫ್ರಿಜ್ಜಿನ ಕಂಪ್ರೆಸರ್ ಸುಟ್ಟಿತು. ಅದೇ ಏಟಿಗೆ ಪುಟ್ಟ ಕಂಪ್ಯೂಟರೂ ಸತ್ತಿತು. ನಮ್ಮ ಪರದೆಯ ಮೇಲೆ ಶಿರೂರು ಸಂಜೆಯವರೆಗೂ ಹಸಿರಾಗಿಯೇ ಇತ್ತು. ಸಂಜೆ ಲ್ಯಾಬ್ ಟೆಕ್ನಿಷಿಯನ್ ಮಹಾದೇವಿ ಬಾಗಿಲು ತೆಗೆದು ಥರ್ಮಾಮೀಟರ್ ನೋಡಿ, ತಾನೇ ಓಡಿ ಹೋಗಿ ಡಾಕ್ಟರಿಗೆ ತಿಳಿಸಿದರು. ಚೀಲಗಳನ್ನೆಲ್ಲ ನಾಶ ಮಾಡಬೇಕಾಯಿತು. ಆ ಹೊತ್ತಿಗೆ ರಕ್ತ ಬೇಕಾದ ರೋಗಿ ಯಾರೂ ಇರಲಿಲ್ಲ. ಅದರಲ್ಲಿ ನಮ್ಮ ಜಾಣತನವೇನೂ ಇಲ್ಲ.

ಮರುದಿನ ಆಸ್ಪತ್ರೆಯವರು ವಿಚಾರಿಸಿದಾಗ ನಮ್ಮ ಸಪೋರ್ಟ್ ವಿಭಾಗ ಪರದೆಯನ್ನು ನೋಡಿ, ಸಂಜೆಯವರೆಗೂ ಎಲ್ಲ ಸರಿಯಿತ್ತು ಎಂದು ಉತ್ತರಿಸಿತು. ಆ ಒಂದು ಉತ್ತರದಿಂದ ಮಹಾದೇವಿ ಆರೋಪಿಯಾದರು. ಮಧ್ಯಾಹ್ನವೆಲ್ಲ ಸರಿಯಿದ್ದ ಫ್ರಿಜ್ ಅವರು ಬಾಗಿಲು ತೆಗೆದಾಗ ಬಿಸಿಯಾಗಿತ್ತೆಂದರೆ, ಅವರೇ ಬಾಗಿಲು ತೆರೆದಿಟ್ಟಿದ್ದಾರೆ, ಅದರಿಂದಲೇ ಕಂಪ್ರೆಸರ್ ಸುಟ್ಟಿದೆ ಎಂದು ಆಡಳಿತ ತೀರ್ಮಾನಿಸಿತು. ಕೆಲಸದಿಂದ ಏಕೆ ತೆಗೆಯಬಾರದು ಎಂದು ನೋಟಿಸ್ ಕೊಟ್ಟಿತು.

ನಾನೂ ಪ್ರಮೋದನೂ ಶಿರೂರಿಗೆ ಹೋದೆವು. ಮಹಾದೇವಿ ವಿಜಯಪುರದ ಕಡೆಯವರು, ಮದುವೆಯಾಗಿ ಈ ಊರಿಗೆ ಬಂದವರು. ಮೊದಲು ಮರಾಠಿಯಲ್ಲಿ ಬಿಗಿಯಾಗಿ ಮಾತಾಡುತ್ತಿದ್ದವರು, ನಾವಿಬ್ಬರು ಕನ್ನಡದಲ್ಲಿ ಪಿಸುಗುಡುವುದನ್ನು ಕೇಳಿ ಭಾಷೆ ಬದಲಿಸಿದರು. ದನಿಯೇನೂ ಮೆತ್ತಗಾಗಲಿಲ್ಲ.

“ಕನ್ನಡದವ್ರೇನು? ಕೂಡ್ರಿ. ನಿಮ್ಮ ಹಸಿರು ದೀಪಕ್ಕ ಯಾರೂ ನೋಟಿಸ್ ಕೊಡಂಗಿಲ್ಲ ಬಿಡ್ರಿ, ಅದು ಪುಣ್ಯವಂತ ಅದ.”

ಮಧ್ಯಾಹ್ನ ಒಮ್ಮೆ ಥರ್ಮಾಮೀಟರ್ ನೋಡಬೇಕೆಂಬ ನಿಯಮವಿತ್ತಲ್ಲವೇ ಎಂದು ನಾನು ಕೇಳಿದೆ. ಕೇಳಿದ ದನಿ ವಕೀಲರದಾಗಿತ್ತೇನೋ.

“ಇತ್ರಿ. ನೋಡ್ಲಿಲ್ಲ, ಸುಳ್ಳು ಯಾಕ ಹೇಳ್ಲಿ? ಲ್ಯಾಬಿನಾಗ ಒಬ್ಬಾಕೀನೇ ಇದ್ದೆ, ಆ್ಯಕ್ಸಿಡೆಂಟ್ ಕೇಸು ಬಂದಿತ್ತು. ಏನರ ಆದ್ರ ನಿಮ್ಮ ಫೋನ್ ಬರ್ತದ ಅಂತ ತಿಳ್ಕೊಂಡೆ. ಮೊದಲೆಲ್ಲಾ ಬರ್ತಿತ್ತಲ್ರಿ. ಫೋನ್ ಬರ್ಲಿಲ್ಲಂದ್ರ ಎಲ್ಲಾ ಸರಿ ಅದ ಅಂತ. ಆದ್ರ ಬಾಗಲಾ ತೆರದಿಟ್ಟು ಹೋಗಾಕಿ ನಾ ಅಲ್ಲ.”

ಪ್ರಮೋದ ಅಷ್ಟರಲ್ಲಿ ಲ್ಯಾಪ್‌ಟಾಪ್ ತೆಗೆದಿದ್ದ. ಉಷ್ಣತೆಯ ಗ್ರಾಫ್ ನಡುಹಗಲಿಗೇ ನಿಂತುಹೋಗಿತ್ತು, ಆಮೇಲೆ ಖಾಲಿ. ಖಾಲಿ ಜಾಗದ ಮೇಲೆ ಮಾತ್ರ ಹಸಿರು ಪಟ್ಟಿ ಎಂದಿನಂತೆ ಮುಂದುವರಿದಿತ್ತು. ಅವನು ಪರದೆಯನ್ನು ನನ್ನ ಕಡೆ ತಿರುಗಿಸಿದ. ಇಬ್ಬರಿಗೂ ಅರ್ಥವಾಯಿತು. ಹಿಂದಿರುಗುವಾಗ ಪುಣೆಯ ಅಂಚಿನ ವಾಘೋಲಿಯ ಟ್ರಾಫಿಕ್ಕಿನಲ್ಲಿ ಕ್ಯಾಬ್ ನಿಂತೇ ಇತ್ತು; ಅಲ್ಲಿ ನಾವು ಏನು ಮಾತಾಡಿದೆವೋ ನನಗೆ ನೆನಪಿಲ್ಲ.

ಮರುದಿನ ಮ್ಯಾನೇಜರ್ ಜೋಶಿಯವರ ಕೋಣೆಯಲ್ಲಿ ಸಭೆ. ವರದಿಯಲ್ಲಿ ಸಂಪರ್ಕ ಕಡಿದಿತ್ತು ಎಂದಷ್ಟೇ ಬರೆದರೆ ಸಾಕು, ಅದು ಸುಳ್ಳೂ ಅಲ್ಲ ಎಂದು ಅವರು ಹೇಳಿದರು. ಹಾಗೆ ಬರೆದರೆ ಸಂಜೆಯವರೆಗೂ ಸರಿಯಿತ್ತೆಂಬ ನಮ್ಮ ಉತ್ತರ ಹಾಗೇ ಉಳಿದು ಆ ಹೆಂಗಸಿನ ಕೆಲಸ ಹೋಗುತ್ತದೆ ಎಂದೆ. ನಡುಹಗಲಿನಿಂದ ನಮಗೆ ಏನೂ ಗೊತ್ತಿರಲಿಲ್ಲ, ಗೊತ್ತಿಲ್ಲದೆಯೇ ಸರಿಯಿದೆ ಎಂದು ಹೇಳಿದೆವು, ಇದನ್ನು ಬರೆಯಲೇಬೇಕು ಎಂದೆ. ಜೋಶಿ ಕೆಟ್ಟವರಲ್ಲ. ಹಾಗಾದರೆ, ಸುದ್ದಿ ನಿಂತರೆ ಏನೆನ್ನಬೇಕೆಂಬ ಆ ಸೆಟ್ಟಿಂಗಿನ ಬಗ್ಗೆ ತಂಡದಲ್ಲಿ ಚರ್ಚೆಯೇ ಆಗಿರಲಿಲ್ಲವೇ ಎಂದು ಕೇಳಿದರು. ಪ್ರಶ್ನೆ ನನಗಿತ್ತು. ತಂಡದ ಹೊಣೆ ನನ್ನದು.

ನಾನು ಬಾಯಿ ತೆರೆಯುವ ಮೊದಲೇ ಪ್ರಮೋದ ಎಲ್ಲರಿಗೂ ಅರ್ಥವಾಗಲೆಂದು ಇಂಗ್ಲಿಷಿನಲ್ಲಿ ಹೇಳಿದ: “ಮ್ಯಾಮ್ ನನಗೆ ಮೊದಲೇ ಹೇಳಿದ್ದರು. ನಾನೇ ಮರೆತೆ.”

ವರದಿ ಹೋಯಿತು. ಕಂಪನಿ ತಪ್ಪನ್ನು ಒಪ್ಪಿಕೊಂಡಿತು. ಮಹಾದೇವಿಯವರ ಮೇಲಿನ ನೋಟಿಸ್ ರದ್ದಾಯಿತು. ಮಧ್ಯಾಹ್ನ ನೋಡದೆ ಇದ್ದುದಕ್ಕೆ ಬಾಯಿಮಾತಿನ ಎಚ್ಚರಿಕೆ ಸಿಕ್ಕಿತು, ಅವರು ಅದಕ್ಕೆ ತಕರಾರು ಮಾಡಲಿಲ್ಲ. ಪ್ರಮೋದನನ್ನು ಆ ಪ್ರಾಜೆಕ್ಟಿನಿಂದ ತೆಗೆದರು, ಆ ವರ್ಷ ಅವನಿಗೆ ಬರಬೇಕಿದ್ದ ಬಡ್ತಿ ಬರಲಿಲ್ಲ. ಮುಂದೆ ಅವನು ಬೇರೆ ಕಂಪನಿ ಸೇರಿದ. ಊರು ಮಾತ್ರ ಪುಣೆಯೇ.

ಎಲ್ಲ ಆಸ್ಪತ್ರೆಗಳ ಅಲರ್ಟುಗಳನ್ನೂ ನಾನೇ ಕೂತು ತಿದ್ದಿದೆ: ಸುದ್ದಿ ಬಾರದಿದ್ದರೆ ಅಪಾಯ. ಮೊದಮೊದಲು ಇಂಟರ್ನೆಟ್ ತುಸು ತಡವರಿಸಿದರೂ ಫೋನು ಹೊಡೆದುಕೊಂಡು ಹುಡುಗರು ಬೈದುಕೊಂಡರು. ಇಂದಿಗೂ ಯಾರಾದರೂ ಹೊಸ ಅಲರ್ಟ್ ಬರೆದು ತಂದರೆ, ವೈರು ಕಿತ್ತು ತೋರಿಸಿ ಎನ್ನುತ್ತೇನೆ. ಕೆಲಸ ನನಗೆ ಕಲಿಸಿದ್ದು ಅದು, ಮತ್ತು ಅದನ್ನು ಯಾರಿಗೆ ಬೇಕಾದರೂ ಕಲಿಸಬಲ್ಲೆ.

ಇನ್ನೊಂದು ವಿಷಯ ನನಗೆ ಇನ್ನೂ ಬಗೆಹರಿದಿಲ್ಲ. ಜೋಶಿಯವರ ಕೋಣೆಯಲ್ಲಿ ಪ್ರಮೋದ ಆ ಮಾತು ಹೇಳಿದಾಗ, ನಾನು ಅವನಿಗೆ ಹೇಳಿದ್ದೆನೆಂಬ ನೆನಪು ನನಗೆ ಇರಲಿಲ್ಲ. ಇದು ಮಾತ್ರ ಗಟ್ಟಿಯಾಗಿ ನೆನಪಿದೆ. ಆದರೆ ನಾನು ಇಲ್ಲ ಎನ್ನಲಿಲ್ಲ; ಮರೆತಿರಬಹುದು ಎಂದುಕೊಂಡೆ. ತಿಂಗಳುಗಳು ಕಳೆದಂತೆ ಒಂದು ಚಿತ್ರ ಮೂಡತೊಡಗಿತು: ಕಾಫಿ ಮಷಿನ್ನಿನ ಪಕ್ಕ ನಿಂತಿದ್ದೇನೆ, ಅವನ ಕೈಯಲ್ಲಿ ಕಾಗದದ ಲೋಟವಿದೆ, ಡೇಟಾ ಬರದಿದ್ದರೆ ಏನು ಮಾಡುತ್ತೆ ನೋಡು ಎನ್ನುತ್ತಿದ್ದೇನೆ. ಈಗ ಆ ಲೋಟದ ಬಣ್ಣವೂ ಕಾಣುತ್ತದೆ. ಅವನು ಹೇಳಿದ ಮೇಲೆ ಹುಟ್ಟಿದ ಚಿತ್ರವನ್ನು ನಾನು ಹೇಗೆ ನಂಬಲಿ?

ಕಳೆದ ತಿಂಗಳು ಪ್ರಮೋದ ನಮ್ಮ ಮನೆಗೆ ಊಟಕ್ಕೆ ಬಂದಿದ್ದಾಗ, ಅಂದು ಹೇಳಿದ್ದು ನಿಜವೋ ನನ್ನನ್ನು ಉಳಿಸಲೆಂದೋ ಎಂದು ಕೇಳಿಯೇಬಿಟ್ಟೆ. ಅವನು ತಲೆಯೆತ್ತಿ ನನ್ನನ್ನು ನೋಡಿದ, ಸಾರಿನ ಪಾತ್ರೆ ಹತ್ತಿರಕ್ಕೆ ಎಳೆದುಕೊಂಡ, ಚಿಕ್ಕಮ್ಮನ ಮಂಡಿನೋವಿನ ವಿಷಯ ತೆಗೆದ. ಅವನು ಹೊರಡುವಾಗ ಬಾಗಿಲ ಬಳಿ ಮತ್ತೆ ಕೇಳಿದೆ, ಲಿಫ್ಟ್ ಬಂದು ಅವನನ್ನು ಕರೆದೊಯ್ಯುವವರೆಗೂ ಉತ್ತರಕ್ಕೆ ಕಾದೆ.

“ಪ್ರಮೋದಾ, ನಾನು ನಿಜವಾಗ್ಲೂ ನಿನಗೆ ಹೇಳಿದ್ನೇನೋ?”