ಬೇಕಂತಲೇ ಕೆಡಿಸಿದ ಅಡುಗೆ

ಲಾಂಡ್ರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಹರಿದ ಬಟ್ಟೆ ಹೊಲಿಯುವ ಆಕೆಯನ್ನು ಎಲ್ಲರೂ ಗುಂಡಿ ಅಕ್ಕ ಅಂತಲೇ ಕರೆಯೋದು. ಗುಂಡಿ ಕಿತ್ತುಹೋದ ಅಂಗಿ ಕೊಟ್ಟರೆ ಸಾಕು, ನೀವು ಜೇಬಿನಲ್ಲಿ ಚಿಲ್ಲರೆ ತಡಕಾಡೋದರೊಳಗೆ ಹೊಲಿದು ಕೈಗಿಡುತ್ತಾಳೆ. ಕೈ ಅಷ್ಟು ಚುರುಕು. ಬಾಯಿಗೆ ಮಾತ್ರ ಬೀಗ. ಗಂಡ ಸರಕಿನ ಹಡಗಿನಲ್ಲಿ ಅಡುಗೆಯವನು. ವರ್ಷದಲ್ಲಿ ಮುಕ್ಕಾಲು ಪಾಲು ನೀರಿನ ಮೇಲಿರೋ ಗಂಡು ಬೇಡ, ಹೋಗಬೇಡಿ ಹೋಗಬೇಡಿ ಅಂತ ಅಂಗಲಾಚೋದೇ ನಿನ್ನ ಪಾಡಾಗುತ್ತೆ ಅಂತ ಮದುವೆಗೆ ಮುಂಚೆ ಅವಳಕ್ಕ ಬುದ್ಧಿ ಹೇಳಿದ್ದಳು. ಆ ಮಾತು ನನ್ನ ಬಾಯಿಂದ ಬರಲ್ಲ, ನೋಡ್ತಿರು ಅಂದಿದ್ದಳು ಇವಳು. ಬರಲೂ ಇಲ್ಲ. ಎಂಥಾ ಹಟ ಅಂತೀರಿ!

ಆದರೆ ಮನಸ್ಸಿಗೆ ಹಟ ಗೊತ್ತಾಗುತ್ತಾ? ಊರವರ ಬಟ್ಟೆಯೆಲ್ಲ ಒಗೆಯೋ ಅಂಗಡಿಯವಳು, ಗಂಡ ಹಡಗು ಹತ್ತಿದ ಮೇಲೆ ಅವನ ದಿಂಬಿನ ಗವಸು ಮಾತ್ರ ಒಗೆಯುತ್ತಿರಲಿಲ್ಲ. ಅವನ ವಾಸನೆ ಪೂರ್ತಿ ಹೋದ ಮೇಲೂ ಅದಕ್ಕೇ ಮುಖ ಒತ್ತಿ ಮಲಗುತ್ತಿದ್ದಳು.

ಈ ಸಲ ರಜೆಗೆ ಬಂದಾಗ ಹಿಂದಿನ ಬೀದಿಯ ಕಾರ್ಖಾನೆಯ ಕ್ಯಾಂಟೀನಿನವರು ಅವನನ್ನು ಕೆಲಸಕ್ಕೆ ಕರೆದರು. ಸೋಮವಾರ ಉತ್ತರ ಹೇಳಬೇಕಿತ್ತು. ಅವನು ಹೆಂಡತಿಗೆ ವಿಷಯ ಹೇಳಿ ಮುಖ ನೋಡಿದ. ಯೋಚನೆ ಮಾಡಿ ಅಂದವಳು ತಲೆ ತಗ್ಗಿಸಿ ದಾರ ಕತ್ತರಿಸಿದಳು. ಒಳಗೊಳಗೇ, ಒಪ್ಪಿಕೊಳ್ಳಲಿ, ಒಪ್ಪಿಕೊಳ್ಳಲಿ ಅಂತ ಹಂಬಲಿಸುತ್ತಿದ್ದಳು.

ಭಾನುವಾರ ಸಂಜೆ ಅವನು ಸಾಸೇಜು, ಬೇಯಿಸಿ ಡಬ್ಬಿಗೆ ತುಂಬಿದ ಬೀನ್ಸ್ ಕಾಳು, ಈರುಳ್ಳಿ, ಟೊಮೆಟೊ ತಂದ. ಹೋದ ತಿಂಗಳು ಜ್ವರ ಬಂದು ಬಿಟ್ಟ ಮೇಲೆ ಡಾಕ್ಟರು ಇವಳಿಗೆ ಪ್ರೋಟೀನ್ ಸಾಲದು ಅಂದಿದ್ದರು. ರಜೆಗೆ ಬಂದರೆ ಒಲೆಯ ಹತ್ತಿರಕ್ಕೂ ಅವಳನ್ನು ಬಿಡದವನು, ಅವತ್ತು ಕರೆದು ಸೌಟು ಕೈಗೆ ಕೊಟ್ಟ.

"ಬಾ, ಕಲಿತುಕೋ. ಒಂದೇ ಬಾಣಲೆ, ಬೇಗ ಆಗುತ್ತೆ. ನಾನಿಲ್ಲದಾಗ ನೀನು ಒಣ ಬ್ರೆಡ್ಡು ತಿಂದು ಮಲಗ್ತೀಯ ಅಂತ ನನಗೆ ಗೊತ್ತು."

ನಾನಿಲ್ಲದಾಗ! ಅಂದರೆ ಹೊರಡೋದು ಅಂತ ಆಗಲೇ ಮನಸ್ಸು ಮಾಡಿದ್ದಾನೆ. ಹಾಗಿದ್ದರೆ ಕಲಿಯಲೇಬಾರದು, ಕಲಿಯದಿದ್ದರೆ ಬಿಟ್ಟು ಹೋಗೋದು ಹೇಗೆ ಅಂತ ಅವಳಿಗೆ ಹೊಳೆಯಿತು. ಹುಚ್ಚು ಲೆಕ್ಕಾಚಾರ, ಆದರೆ ಬಾಯಿ ಬಿಡದವರ ತಲೆ ಓಡೋದೇ ಹೀಗೆ.

ಸಾಸೇಜು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ಕೆಂಪಗಾಗುವ ತನಕ ಹುರಿ ಅಂದ. ಇವಳು ಕರಕಲು ಮಾಡಿದಳು. ಬಣ್ಣ ಕಾಣಲಿಲ್ಲ ರೀ ಅಂದಳು, ಕತ್ತಲಲ್ಲೂ ಸೂಜಿಗೆ ದಾರ ಪೋಣಿಸೋ ಮಹಾತಾಯಿ! ಅವನು ಬಾಣಲೆ ಉಜ್ಜಿ ಮತ್ತೆ ಇಟ್ಟ. ಎರಡನೇ ಸಲ ಬಾಯಿಗಿಡೋಕಾಗದಷ್ಟು ಉಪ್ಪು ಸುರಿದಳು. ಪಾಪ, ಆಗಲೂ ಅವನು ಸಿಡುಕಲಿಲ್ಲ. ಉಳಿದಿದ್ದ ಸಾಸೇಜು ತೆಗೆದು, ಹಿಂದೆ ನಿಂತು, ಸೌಟು ಹಿಡಿದ ಅವಳ ಕೈ ಮೇಲೆ ತನ್ನ ಕೈ ಇಟ್ಟ. ಸಾಸೇಜು ಬಿಟ್ಟ ಜಿಡ್ಡಿನಲ್ಲೇ ಈರುಳ್ಳಿ ಬಾಡಿತು, ಟೊಮೆಟೊ ಕರಗಿತು, ಕಾಳು ಬಿತ್ತು, ಮೇಲೆ ಮೆಣಸಿನಪುಡಿ. ಅವನ ಕೈ ಬಿಸಿಗೆ ಕೆಡಿಸೋದನ್ನೇ ಮರೆತಳು. ಅಡುಗೆ ಚೆನ್ನಾಗಿಯೇ ಆಯಿತು.

ಉಣ್ಣುವಾಗ ಅವನು ತಲೆ ಎತ್ತದೆ ಕೇಳಿದ, "ಕ್ಯಾಂಟೀನಿನವರಿಗೆ ಏನು ಹೇಳ್ಲಿ?"

ಮಾತು ಗಂಟಲ ತನಕ ಬಂತು. ಬಾಯಿ ಇದ್ದವರು ಬರಗಾಲದಲ್ಲೂ ಬದುಕಿದರಂತೆ. ಇವಳು ಬಾಯಿ ಬಿಟ್ಟಿದ್ದು ಇಷ್ಟಕ್ಕೆ, "ನಿಮ್ಮಿಷ್ಟ."

ಸರಿ ಅಂದ ಅವನು. ಆ ವಾರವೇ ಹಡಗು ಹತ್ತಿದ. ಕ್ಯಾಂಟೀನಿಗೆ ಬೇರೆ ಯಾರೋ ಬಂದರು.

ಯಾವುದೋ ಬಂದರಿನಿಂದ ಅವನು ಫೋನು ಮಾಡಿದಾಗ ಅವಳು ಕೆಲಸ ಮುಗಿಸಿ ಬಂದು ಬಾಣಲೆ ಕೆಳಗಿಳಿಸಿದ್ದಳು. ಸಾಸೇಜು ಹದವಾಗಿ ಕೆಂಪಗಾಗಿತ್ತು. ಕಾಳು ಒಂದೂ ಒಡೆದಿರಲಿಲ್ಲ. ಮಾಡ್ಕೊಂಡ್ಯಾ, ಹೇಗೆ ಬಂತು ಅಂತ ಕೇಳಿದ.

"ಸೀದುಹೋಯ್ತು," ಅಂದಳು.

ಉರಿ ಜಾಸ್ತಿ ಇಟ್ಟಿರ್ತೀಯ, ಸಣ್ಣಗೆ ಮಾಡು ಅಂತ ಶುರು ಮಾಡಿದ. ಅವಳಿಗೆ ಇನ್ನು ತಡೆಯಲಾಗಲಿಲ್ಲ.

"ಉರಿ ಸರಿಯಾಗೇ ಇದೆ, ಅಡುಗೇನೂ ಚೆನ್ನಾಗೇ ಆಗಿದೆ. ನೀವಿಲ್ಲ, ಅಷ್ಟೇ. ಅವತ್ತು ನಾನೇ ಬೇಕಂತ ಕೆಡಿಸಿದ್ದು. ಕಲಿತುಬಿಟ್ರೆ ಹೊರಟುಬಿಡ್ತೀರಲ್ಲ ಅಂತ."

ಆ ಕಡೆ ಯಂತ್ರದ ಸದ್ದಿನ ನಡುವೆ ಅವನು ದನಿ ಎತ್ತರಿಸಿದ.

"ಇದನ್ನ ಅವತ್ತೇ ಹೇಳಿದ್ರೆ ನಾನು ಹಡಗು ಹತ್ತುತ್ತಾನೇ ಇರ್ಲಿಲ್ಲ ಕಣೆ," ಅಂದ. "ನಾನು ಮನೇಲಿದ್ರೆ ನಿನಗೆ ಕಿರಿಕಿರಿ ಅಂದ್ಕೊಂಡಿದ್ದೆ. ಇಷ್ಟು ವರ್ಷದಿಂದಾನೂ."

ಅವಳು ಫೋನು ಕಿವಿಯಿಂದ ತೆಗೆಯದೆ, ಅವನಿಗೆ ಕೇಳಿಸಲಿ ಅಂತಲೇ ಜೋರಾಗಿ ಅತ್ತಳು.