ಮಣ್ಣು ಮೆತ್ತಿದ ಗಡಿಗೆ

ಮುಚ್ಚಳ ಎತ್ತಿದ ಕೂಡಲೇ ಮೊದಲ ಹಬೆ ಮುಖಕ್ಕೆ ಬಡಿಯಿತು. ಇಡೀ ದಿನ ಬೆಂದ ಮಾಂಸ, ಕರಗಿದ ಕುಂಬಳಕಾಯಿ, ಹುಳಿ ಬಿಟ್ಟ ಪುಂಡಿಸೊಪ್ಪು, ಜಜ್ಜಿ ಹಾಕಿದ ಬೆಳ್ಳುಳ್ಳಿ. ನಾನು ಅರವತ್ತು ದಾಟಿದ ಮುದುಕಿ, ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿ ಕಾಣಬಾರದ್ದನ್ನೆಲ್ಲ ಕಂಡವಳು. ಆದರೂ ಮಗಳ ಅಡಿಗೆಮನೆಯಲ್ಲಿ ಮುಚ್ಚಳ ಕೈಯಲ್ಲೇ ಹಿಡಿದು ನಿಂತುಬಿಟ್ಟೆ. ಮಗಳು ಹೊಸದಾಗಿ ತಂದ ಕರೆಂಟಿನ ಗಡಿಗೆ ಅದು. ಬೆಳಿಗ್ಗೆ ಎಲ್ಲವನ್ನೂ ಹಾಕಿ ಗುಂಡಿ ಒತ್ತಿ ಡ್ಯೂಟಿಗೆ ಹೋಗುತ್ತಾಳೆ, ಸಂಜೆ ಬರುವಷ್ಟರಲ್ಲಿ ಊಟ ತಯಾರಾಗಿರುತ್ತದೆ. ಊದುವುದಿಲ್ಲ, ಕಲಕುವುದಿಲ್ಲ, ಕಾಯುವುದಿಲ್ಲ. ಒಳ್ಳೆಯದೇ ಆಯಿತು, ನಮ್ಮ ಹೆಣ್ಣುಮಕ್ಕಳು ಊದಿದ್ದು ಸಾಕು ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವಳು ಹೆಮ್ಮೆಯಿಂದ ಅಂದಳು: “ಇದರ ಫಾಯದಾ ಏನಂದ್ರ ಅಮ್ಮಾ, ವಾಸನಿ ಜರಾನೂ ಹೊರಗ ಹೋಗಂಗಿಲ್ಲ. ಬಾಜೂದವರಿಗೆ ಗೊತ್ತೇ ಆಗಂಗಿಲ್ಲ.” ನನ್ನ ಮೈಯೆಲ್ಲ ಉರಿದುಹೋಯಿತು. ಅವಳ ಮೇಲಲ್ಲ. ಯಾರ ಮೇಲೆ ಎನ್ನುವುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಬೀದರ ಕಡೆ ದನದ ಮಾಂಸವನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ‘ದೊಡ್ಡದು’ ಎನ್ನುತ್ತೇವೆ. ತಿನ್ನುವವರೂ ಹಾಗೇ ಅನ್ನುತ್ತಾರೆ, ತಿಂದು ಬಾಯಿ ಒರೆಸಿಕೊಂಡವರೂ ಹಾಗೇ ಅನ್ನುತ್ತಾರೆ. ನಾನು ಹೇಳುತ್ತಿರುವುದು ಐವತ್ತು ವರ್ಷದ ಹಿಂದಿನ ಆ ದೊಡ್ಡ ಬರಗಾಲದ ಮಾತು. ಔರಾದ ಕಡೆಯ ನಮ್ಮ ಹಳ್ಳಿಯಲ್ಲಿ ಬಾವಿಗಳು ತಳ ತೋರಿಸಿದ್ದವು, ಎರೆಹೊಲ ಬಾಯಿ ಬಿಟ್ಟು ಮಲಗಿತ್ತು. ಇನ್ನೊಬ್ಬರ ಹೊಲದಲ್ಲಿ ದುಡಿಯುತ್ತಿದ್ದ ನಮ್ಮಪ್ಪನಿಗೆ ಮಾಡಲು ಕೆಲಸವೇ ಉಳಿಯಲಿಲ್ಲ. ಅಪ್ಪ, ಅವ್ವ, ನಾನು ಮೂವರೂ ಬೀದರಿಗೆ ಬಂದೆವು. ನಮ್ಮದೇ ಚರ್ಚಿನ ಗ್ರೇಸ್ ಬಾಯಿಯ ಮನೆಯ ಹಿತ್ತಲಲ್ಲಿ ಮಣ್ಣು ನೆಲದ ಒಂದು ಖೋಲಿ ಸಿಕ್ಕಿತು. ಗ್ರೇಸ್ ಬಾಯಿ ಸಾಲೆಯಲ್ಲಿ ಟೀಚರ್, ಅವರ ಗಂಡನೂ ಮಾಸ್ತರ. ಖೋಲಿಗೆ ಬಾಡಿಗೆ ಇಲ್ಲ. ಅವ್ವ ಬಟ್ಟೆ ಒಗೆಯಬೇಕು, ಪಾತ್ರೆ ತಿಕ್ಕಬೇಕು, ಹಾಸಿಗೆ ಹಿಡಿದಿದ್ದ ಅವರ ಅತ್ತೆಯನ್ನು ನೋಡಿಕೊಳ್ಳಬೇಕು. ಆ ಅತ್ತೆಯನ್ನು ನಾವೆಲ್ಲ ದೊಡ್ಡಾಯಿ ಎನ್ನುತ್ತಿದ್ದೆವು. ಮೊದಲ ದಿನವೇ ಗ್ರೇಸ್ ಬಾಯಿ ಬಾಗಿಲಲ್ಲಿ ನಿಂತು ಹೇಳಿದ್ದರು: “ನೋಡು ಮಾರ್ತಾ, ಒಂದೇ ಮಾತು. ದೊಡ್ಡದು ನಮ್ಮ ಕಂಪೌಂಡಿನಾಗ ಬರಬಾರ್ದು. ಬಾಜೂಕ ದೊಡ್ಡ ಮಂದಿ ಇದ್ದಾರ. ಎಷ್ಟು ಕಷ್ಟಪಟ್ಟು ನಾವು ಇಲ್ಲಿತನಕ ಬಂದೇವಿ, ನಿನಗ ಗೊತ್ತಿಲ್ಲ.” ಅವ್ವ “ಆಗ್ಲಿರಿ ಬಾಯಾರ” ಅಂದಳು. ಗ್ರೇಸ್ ಬಾಯಿಯ ಅಜ್ಜನೂ ನಮ್ಮ ಅಜ್ಜನೂ ಒಂದೇ ಕೇರಿಯವರು. ಅದು ಅವರಿಗೂ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು.

ಹದಿನೈದು ದಿನಕ್ಕೆ ಅಪ್ಪ ಹೊರಟ. ನಮ್ಮ ಹಳ್ಳಿಯ ಗಂಡಸರೆಲ್ಲ ಭಾಲ್ಕಿಯಲ್ಲಿ ಕೂಡಿ, ಪುಣೆ ಕಡೆ ಕಾಲುವೆ ಅಗೆಯುವ ಕೆಲಸಕ್ಕೆ ರೈಲು ಹತ್ತುವುದೆಂದು ಮಾತಾಗಿತ್ತು. ಅವ್ವನೂ ನಾನೂ ಭಾಲ್ಕಿ ಸ್ಟೇಷನ್ನಿನ ತನಕ ಬಸ್ಸಿನಲ್ಲಿ ಹೋದೆವು. ಅಲ್ಲಿ ಗಂಟುಮೂಟೆಗಳ ನಡುವೆ ಕಾಲಿಡಲು ಜಾಗವಿರಲಿಲ್ಲ. ಆಗ ನಾನು ಸಾಲೆಯಲ್ಲಿ ಮೂರನೇ ಇಯತ್ತೆ. ನನ್ನ ಕಾಪಿ ಪುಸ್ತಕದ ಒಂದು ಹಾಳೆ ಹರಿದು, ಗ್ರೇಸ್ ಬಾಯಿಯ ಮನೆಯ ವಿಳಾಸವನ್ನು ದುಂಡಗೆ ಬರೆದು ಕೊಟ್ಟೆ. ಅಪ್ಪ ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಗಿನ ಕಿಸೆಯಲ್ಲಿಟ್ಟುಕೊಂಡ. “ಯಾರ ಕೈಲರ ಪತ್ರ ಬರೆಸಿ ಹಾಕ್ತೇನಿ. ನಾ ಬರೂತನಕ ಆ ಖೋಲಿ ಬಿಡಬ್ಯಾಡ್ರಿ. ನನಗ ಅದೊಂದೇ ಪತ್ತಾ” ಅಂದ. ಎರಡು ಸಲ ಅಂದ. ರೈಲು ಹೋದ ಮೇಲೂ ಅವ್ವ ಹಳಿಗಳನ್ನು ನೋಡುತ್ತಾ ನಿಂತಿದ್ದಳು, ಬಸ್ಸು ತಪ್ಪುತ್ತದೆ ಎಂದು ನಾನೇ ಸೆರಗು ಹಿಡಿದು ಎಳೆದೆ.

ಹಾಗಿದ್ದ ಅವ್ವ ಗ್ರೇಸ್ ಬಾಯಿಗೆ ಕೊಟ್ಟ ಮಾತನ್ನು ಯಾಕೆ ಮುರಿದಳು ಎಂದು ನೀವು ಕೇಳಬಹುದು. ಹಸಿವಿಗೆ ಮುರಿದಳು, ಇನ್ನೇನು. ಆ ವರ್ಷ ಮೇವಿಲ್ಲದೆ ಜನ ಎತ್ತುಗಳನ್ನು ಹಿಂಡು ಹಿಂಡಾಗಿ ಸಂತೆಗೆ ಹೊಡೆದುಕೊಂಡು ಬರುತ್ತಿದ್ದರು. ಜೋಳ ಸಿಗುತ್ತಿರಲಿಲ್ಲ, ಮಾಂಸ ಸಿಗುತ್ತಿತ್ತು. ಇದನ್ನು ಹೇಳಿದರೆ ಈಗಿನವರು ನಗುತ್ತಾರೆ. ನಗಲಿ, ಹೊಟ್ಟೆ ತುಂಬಿದವರಿಗೆ ನಗಲು ಏನು ಖರ್ಚು? ನಾನು ಸಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಎರಡು ಸಲ ಕಣ್ಣು ಕತ್ತಲೆಯಾಗಿ ಬಿದ್ದಿದ್ದೆ. ಎರಡನೆಯ ಸಲ ಬಿದ್ದ ವಾರವೇ ಅವ್ವ ಕಟುಕರ ಗಲ್ಲಿಗೆ ಹೋಗಿ ಬಂದಳು. ಚೀಲದಲ್ಲಿ ಮೇಲೆ ಪುಂಡಿಸೊಪ್ಪಿನ ಸಿವುಡು, ಕೆಳಗೆ ಮಾಂಸ.

ದುಡಿದು ಬತ್ತಿದ ಮುದಿ ಎತ್ತಿನ ಮಾಂಸ ಚಕ್ಕಳದ ಹಾಗಿರುತ್ತದೆ, ಗಡಿಬಿಡಿಯಲ್ಲಿ ಬೇಯುವುದಿಲ್ಲ. ಅವ್ವ ಖೋಲಿಯ ಮೂಲೆಯಲ್ಲಿ ಮೊಣಕಾಲುದ್ದ ಕುಣಿ ತೋಡಿದ್ದಳು. ಶನಿವಾರ ಸಂಜೆ ಗಡಿಗೆಯ ತಳಕ್ಕೆ ಉಳ್ಳಾಗಡ್ಡಿ, ಅದರ ಮೇಲೆ ಮಾಂಸ, ಅದರ ಮೇಲೆ ಸಂತೆ ಮುಗಿದ ಮೇಲೆ ಆಯ್ದು ತಂದ ಬಾಡಿದ ಗಜ್ಜರಿ, ಕುಂಬಳದ ಹೋಳು, ಒಂದೆರಡು ಬದನೆಕಾಯಿ. ಎಲ್ಲಕ್ಕೂ ಮೇಲೆ ಪುಂಡಿಸೊಪ್ಪು ಹೊದಿಸುತ್ತಿದ್ದಳು. ಹುಳಿಗೆ ಎಂಥ ಗಟ್ಟಿ ಖಂಡವೂ ಸೋಲುತ್ತದೆ ಎನ್ನುತ್ತಿದ್ದಳು. ನೀರು ಒಂದು ಗಿಂಡಿ, ಅಷ್ಟೇ. ಆಮೇಲೆ ಮುಚ್ಚಳ ಇಟ್ಟು, ಅಂಚಿಗೆಲ್ಲ ಮಣ್ಣು ಮೆತ್ತುತ್ತಿದ್ದಳು. ಉಳ್ಳವರು ಕಣಕದಲ್ಲಿ ಮೆತ್ತುತ್ತಾರೆ, ನಮ್ಮ ಮನೆಯಲ್ಲಿ ಹಿಟ್ಟು ಎಲ್ಲಿತ್ತು? ಬೀದರದ ಕೆಂಪು ಮಣ್ಣಿಗೆ ಬೂದಿ ಕಲಸಿ, ಬಿರುಕು ಬಿಟ್ಟಲ್ಲೆಲ್ಲ ಒದ್ದೆ ಬೆರಳಿನಿಂದ ತೀಡುತ್ತಿದ್ದಳು. ಕುಣಿಯಲ್ಲಿ ಸಗಣಿ ಕುಳ್ಳಿನ ಕೆಂಡ ಹರವಿ, ಗಡಿಗೆ ಇಳಿಸಿ, ಮೇಲೆ ಬೂದಿ ಮುಚ್ಚಿದರೆ ಭಾನುವಾರ ಮಧ್ಯಾಹ್ನದ ತನಕ ಮುಟ್ಟುವ ಹಾಗಿಲ್ಲ. ಗ್ರೇಸ್ ಬಾಯಿ ಹೆಂಗಸರ ಕೂಟಕ್ಕೂ ಮಾಸ್ತರ ಯಾರದೋ ಭೇಟಿಗೂ ಹೋದ ಮೇಲೆ ಅವ್ವ ಮಣ್ಣು ಒಡೆಯುತ್ತಿದ್ದಳು. ಒಡೆದ ಚೂರುಗಳನ್ನು ಚೆಲ್ಲದೆ ಮುಂದಿನ ವಾರಕ್ಕೆ ನೀರಲ್ಲಿ ನೆನೆಹಾಕುತ್ತಿದ್ದಳು.

ಈಗ ಕೆಲವರು ಸಣ್ಣ ಉರಿಯಲ್ಲಿ ಬೆಂದರೆ ಅದರ ರುಚಿಯೇ ಬೇರೆ ಎಂದು ಕಣ್ಣು ಮುಚ್ಚಿ ಹೊಗಳುತ್ತಾರೆ. ನಮ್ಮವ್ವ ರುಚಿಗೆ ಸಣ್ಣ ಉರಿ ಇಡಲಿಲ್ಲ, ವಾಸನೆ ಹೊರಬಿದ್ದೀತೆಂದು ಹೆದರಿ ಇಟ್ಟಳು. ನನಗೂ ಪಾಠ ಕಲಿಸಿದ್ದಳು. “ಏನ್ ಮಾಡೀರಿ ಅಂತ ಯಾರರ ಕೇಳಿದ್ರ, ಗಜ್ಜರಿ, ಕುಂಬಳ, ಪುಂಡಿಪಲ್ಯ ಅನ್ನು. ಸುಳ್ಳೇನಲ್ಲ, ಎಲ್ಲಾ ಅದರಾಗ ಅದ.” ಹಾಗೆ ಹೇಳುವಾಗ ಅವಳು ನನ್ನ ಮುಖ ನೋಡುತ್ತಿರಲಿಲ್ಲ.

ಮಣ್ಣು ಮೆತ್ತಿ ಗಡಿಗೆಯ ಬಾಯಿ ಮುಚ್ಚಿದಳು, ಆದರೆ ಕೈಗಳನ್ನು ಏನು ಮಾಡಿಯಾಳು? ಒಂದು ಭಾನುವಾರ ದೊಡ್ಡಾಯಿಯ ಮಗ್ಗುಲು ಬದಲಿಸುವಾಗ ಮುದುಕಿ ಅವ್ವನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಮೂಗಿನ ಹತ್ತಿರ ಒಯ್ದಳು. “ಮಾರ್ತಾ, ಇದು ನಮ್ಮವ್ವನ ಕೈ ವಾಸನಿ. ನನಗ ಜರಾ ಕೊಡವಾ. ಗಂಜಿ ಕುಡಿದು ಕುಡಿದು ಸಾಯಾಕತ್ತೀನಿ.” ಅವ್ವ ಹೆದರಿ ಕೈ ಬಿಡಿಸಿಕೊಂಡು ಬಂದಳು. ಮುಂದಿನ ವಾರವೂ ಮುದುಕಿ ಕೇಳಿದಳು. ಮೂರನೆಯ ವಾರ ಕೇಳಲಿಲ್ಲ, ಗೋಡೆ ಕಡೆ ಮುಖ ಮಾಡಿ ಮಲಗಿದಳು. ಆ ದಿನ ಗಡಿಗೆಯಿಂದ ಮೊದಲ ಸೌಟು ಒಂದು ಸಣ್ಣ ಬಟ್ಟಲಿಗೆ ಹೋಯಿತು. ಹಲ್ಲಿಲ್ಲದ ಬಾಯಿಗೆ ತಡೆಯಾಗದಂತೆ ಅವ್ವ ಖಂಡವನ್ನು ಬೆರಳಿನಿಂದ ಹಿಸುಕಿ, ಕುಂಬಳದಲ್ಲಿ ಕಲಸಿ ಉಣಿಸಿದಳು. ಅಂದಿನಿಂದ ಪ್ರತಿ ವಾರ ಮೊದಲ ಸೌಟು ದೊಡ್ಡಾಯಿಯದು, ಆಮೇಲೆ ನನ್ನದು, ಉಳಿದರೆ ಅವ್ವನದು. ಎರಡು ತಿಂಗಳಲ್ಲಿ ಮುದುಕಿ ಎದ್ದು ಕುಳಿತಳು. ಗೋಡೆ ಹಿಡಿದು ಪಡಸಾಲೆಯ ತನಕ ನಡೆದಳು.

ಗ್ರೇಸ್ ಬಾಯಿಯ ಸಂತೋಷಕ್ಕೆ ಮೇರೆ ಇರಲಿಲ್ಲ. ದೇವರು ಮೊರೆ ಕೇಳಿದ ಎಂದು ಮನೆಯಲ್ಲಿ ಸ್ತೋತ್ರಕೂಟ ಇಟ್ಟರು. ಪಾಸ್ಟರ್ ಬಂದರು, ಚರ್ಚಿನ ಮಂದಿ ಬಂದರು, ಅಕ್ಕಪಕ್ಕದ ದೊಡ್ಡ ಮಂದಿಯನ್ನೂ ಅವರ ಸಾಲೆಯ ಹೆಡ್‌ಮಾಸ್ತರರನ್ನೂ ಕರೆದಿದ್ದರು. ಹಾಡು ಮುಗಿಯಿತು, ಪ್ರಾರ್ಥನೆ ಮುಗಿಯಿತು. ನಮ್ಮಲ್ಲಿ ಉಪಕಾರ ಹೊಂದಿದವರು ಎದ್ದು ಸಾಕ್ಷಿ ಹೇಳುವ ಪದ್ಧತಿ ಇದೆ, ದೇವರು ತಮಗೆ ಏನು ಮಾಡಿದ, ಹೇಗೆ ಮಾಡಿದ ಎಂದು ಎಲ್ಲರ ಮುಂದೆ ಹೇಳಬೇಕು. ಪಾಸ್ಟರ್ ದೊಡ್ಡಾಯಿಯನ್ನು ಕೇಳಿದರು. ಮುದುಕಿ ಬಿಳಿ ಸೀರೆಯ ಸೆರಗು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ಹೇಳಿದಳು:

“ಡಾಕ್ಟರ್ ಔಷಧ ಕೊಟ್ಟ, ಮಲಗೇ ಇದ್ದೆ. ಸೊಸಿ ಗಂಜಿ ಕೊಟ್ಟಳು, ಮಲಗೇ ಇದ್ದೆ. ದೇವರು ಮಾರ್ತಾನ ಕೈಲಿಂದ ದೊಡ್ಡದು ಉಣಿಸಿದ, ಎದ್ದು ಕುಂತೆ. ನಮ್ಮವ್ವ ಮಾಡ್ತಿದ್ದಳಲ್ಲ, ಹಂಗೇ. ಅದನ್ನ ತಿಂದೇ ನನ್ನ ಮಗ ಸಾಲಿ ಕಲ್ತು ಮಾಸ್ತರ ಆದ. ದೇವರಿಗೆ ಸ್ತೋತ್ರ.”

ಯಾರೂ ಆಮೆನ್ ಅನ್ನಲಿಲ್ಲ. ಅವ್ವ ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹೆಡ್‌ಮಾಸ್ತರರು ಗಡಿಯಾರ ನೋಡಿಕೊಂಡು ಎದ್ದರು. ಅವರನ್ನು ನಾನು ಬೈಯುವುದಿಲ್ಲ, ಅವರು ಹೊರಗಿನವರು. ನಾನು ಬೈಯುವುದು ನಮ್ಮವರನ್ನು. ಚಾಪೆಯ ಮೇಲೆ ಮೂವತ್ತು ಮಂದಿ ಕೂತಿದ್ದರು. ಅವರಲ್ಲಿ ಎಷ್ಟು ಮಂದಿ ಹಿಂದಿನ ರಾತ್ರಿ ಬಾಗಿಲು ಹಾಕಿಕೊಂಡು ಅದನ್ನೇ ಉಂಡಿದ್ದರು ಎನ್ನುವುದು ಕಟುಕರ ಗಲ್ಲಿಯಲ್ಲಿ ಸೆರಗು ಮರೆಮಾಡಿಕೊಂಡು ಸಾಲಿನಲ್ಲಿ ನಿಂತ ಅವ್ವನಿಗೆ ಗೊತ್ತಿತ್ತು. ಒಬ್ಬರಾದರೂ “ನಾವೂ ಉಣ್ತೇವಿ” ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎಲ್ಲರೂ ಚಾಪೆ ನೋಡುತ್ತಾ ಕೂತರು. ಮಾಸ್ತರನಂತೂ ತಾಯಿಯ ಮುಖವನ್ನೇ ನೋಡಲಿಲ್ಲ. ಇಡೀ ಕೋಣೆಯಲ್ಲಿ ದೇವರ ಮುಂದೆ ನಿಜ ಹೇಳಿದವಳು ಆ ಮುದುಕಿ ಒಬ್ಬಳೇ, ಅವಳಿಗೆ ತಾನು ಮಾಡಿದ್ದು ಏನೆಂದೂ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಗ್ರೇಸ್ ಬಾಯಿ ಖೋಲಿಗೆ ಬಂದು ಮೂಲೆಯ ಕುಣಿಯನ್ನು ನೋಡಿದರು. “ಇವತ್ತೇ ಖಾಲಿ ಮಾಡು” ಅಂದರು. ಅವ್ವ ಕಾಲು ಹಿಡಿದಳು. “ಇಕಿ ಅಪ್ಪನ ಪತ್ರ ಇಲ್ಲಿಗೇ ಬರ್ತದ್ರಿ ಬಾಯಾರ. ಅವರಿಗೆ ಬ್ಯಾರೆ ಪತ್ತಾ ಇಲ್ರಿ. ಅಂಗಳದಾಗ ಬಿದ್ದಿರ್ತೇವಿ.” ಗ್ರೇಸ್ ಬಾಯಿ ಕಾಲು ಹಿಂದಕ್ಕೆ ತಗೊಂಡರು. ನಾವು ಊರ ಹೊರಗಿನ ಗುಡಿಸಲುಗಳಿಗೆ ಹೋದೆವು. ದೊಡ್ಡಾಯಿ ಮತ್ತೆ ಗಂಜಿಗೆ ಬಂದಳು, ತಿಂಗಳೊಳಗೆ ಹೋದಳು. ಮಣ್ಣಿಗೆ ಹೋಗಲು ಅವ್ವನಿಗೆ ಯಾರೂ ಹೇಳಿಕಳಿಸಲಿಲ್ಲ.

ಆಮೇಲೆ ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಅವ್ವ ಚರ್ಚಿನ ಗೇಟಿನಲ್ಲಿ ನಿಲ್ಲುತ್ತಿದ್ದಳು. “ಪತ್ರ ಏನರ ಬಂದದೇನ್ರಿ ಬಾಯಾರ?” “ಇಲ್ಲ ಮಾರ್ತಾ.” ಅಷ್ಟೇ ಮಾತು. ಮಳೆ ಬಂದು, ಹೋದ ಗಂಡಸರು ಒಬ್ಬೊಬ್ಬರಾಗಿ ಮರಳಿದರು. ಅಪ್ಪ ಬರಲಿಲ್ಲ. ನಮ್ಮ ಹಳ್ಳಿಯವನೊಬ್ಬ ಹೇಳಿದ, ಅಪ್ಪ ಎರಡು ಸಲ ಪತ್ರ ಬರೆಸಿ ಹಾಕಿದ್ದನಂತೆ. ಉತ್ತರ ಬರಲಿಲ್ಲ ಎಂದು ಒಂದು ವಾರ ಸರಿಯಾಗಿ ಉಣ್ಣಲಿಲ್ಲವಂತೆ. ಆಮೇಲೆ ಬೇರೆ ಗುಂಪಿನ ಜೊತೆ ಇನ್ನೂ ಮುಂದಕ್ಕೆ ಎಲ್ಲಿಗೋ ಹೋದನಂತೆ. ಆ ಪತ್ರಗಳು ಗ್ರೇಸ್ ಬಾಯಿಯ ಮನೆಗೆ ಬಂದಿದ್ದವೋ, ದಾರಿಯಲ್ಲೇ ಕಳೆದುಹೋದವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗ್ರೇಸ್ ಬಾಯಿ ಈಗ ಇಲ್ಲ. ನನ್ನ ಸಿಟ್ಟು ಮಾತ್ರ ಬೂದಿ ಮುಚ್ಚಿದ ಕೆಂಡದ ಹಾಗೆ ಇದೆ. ಅವ್ವನ ಮೇಲೂ ಇತ್ತು. ದೊಡ್ಡವಳಾದ ಮೇಲೆ ಒಮ್ಮೆ ಕೂಗಾಡಿದ್ದೆ, ಒಂದು ಬಟ್ಟಲು ಸಾರಿಗೆ ನೀನು ನಮ್ಮಪ್ಪನನ್ನು ಕಳೆದೆ ಎಂದು. ಆಗ ಅವ್ವ ಆಸ್ಪತ್ರೆಯಲ್ಲಿ ಆಯಾ ಆಗಿದ್ದಳು, ಸೀರೆ ಮಡಚುತ್ತಿದ್ದಳು. “ಸಾಯೋ ಮುದುಕಿ ಕೇಳಿದ್ಳು, ಕೊಟ್ಟೆ. ಇನ್ನೊಮ್ಮಿ ಕೇಳಿದ್ರೂ ಕೊಡ್ತೇನಿ” ಅಂದಳು. ಮಡಚಿದ ಸೀರೆಯನ್ನು ಬಿಚ್ಚಿ ಮತ್ತೆ ಮಡಚಿದಳು.

ಮಗಳ ಅಡಿಗೆಮನೆಯಲ್ಲಿ ಇಷ್ಟೆಲ್ಲ ನೆನಪಾಗಿ, ನಾನು ಕಿಟಕಿಯನ್ನು ಪೂರಾ ತೆರೆದೆ. “ಹೋಗ್ಲಿ ವಾಸನಿ. ಎಷ್ಟು ದೂರ ಹೋಗ್ತದ ಹೋಗ್ಲಿ” ಅಂದೆ. ಮಗಳು “ಅಮ್ಮಾ, ನಾವು ಬಾಡಿಗೀ ಮನ್ಯಾಗ ಇದ್ದೇವಿ” ಎಂದಳು. ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು. ಎದುರು ಮನೆಯ ಹೆಂಗಸು, ಕೈಯಲ್ಲಿ ಖಾಲಿ ಬಟ್ಟಲು, ಸಕ್ಕರೆ ಬೇಕಾಗಿತ್ತು. ಒಳ್ಳೆಯವಳು, ನನಗೆ ಮೊಣಕಾಲು ನೋವಿಗೆ ಎಣ್ಣೆ ತಂದುಕೊಟ್ಟವಳು. ಮೂಗರಳಿಸಿ ನಕ್ಕಳು. “ಏನ್ ಮಾಡೀರಿ ಆಂಟಿ, ಭಾಳ ಛಲೋ ವಾಸನಿ ಬರಾಕತ್ತದಲ್ಲ?”

ಮಗಳು ಗಡಿಗೆಯ ಮುಂದೆ ಸರಿದು ನಿಂತಳು. ನಾನು ಬಾಯಿ ತೆರೆದೆ. ಐವತ್ತು ವರ್ಷ ಆ ಮೂವತ್ತು ಮಂದಿಯನ್ನು ಶಪಿಸಿದ ಬಾಯಿ ಇದು.

“ಗಜ್ಜರಿ, ಕುಂಬಳ, ಪುಂಡಿಪಲ್ಯ” ಅಂದೆ.

ಅವಳು ಸಕ್ಕರೆ ತೆಗೆದುಕೊಂಡು ಹೋದಳು. ಮಗಳು ಕಿಟಕಿ ಮುಚ್ಚಿದಳು, ನಾನು ಬೇಡ ಅನ್ನಲಿಲ್ಲ. ತಾಟು ಹಾಕುವ ಮುಂಚೆ ಒಂದು ಸಣ್ಣ ಬಟ್ಟಲು ತೆಗೆದು, ಮೊದಲ ಸೌಟು ಅದಕ್ಕೆ ಬಡಿಸಿ, ಖಂಡವನ್ನು ಬೆರಳಿನಿಂದ ಹಿಸುಕಿ ಕುಂಬಳದಲ್ಲಿ ಕಲಸಿಟ್ಟೆ. ಯಾರಿಗಮ್ಮಾ ಅದು ಎಂದು ಮಗಳು ಕೇಳಿದಳು. ನಾನು ಬಟ್ಟಲನ್ನು ನನ್ನ ತಾಟಿನ ಎದುರಿಗೆ ಇಟ್ಟೆ. ಆ ಬಟ್ಟಲಿನ ಮುಂದೆ ತಲೆ ಎತ್ತಿ ಕೂರಲು ನನಗೆ ಆಗಲಿಲ್ಲ.